ಕರುಳಿನ ಉರಿಯೂತ: ವಾಂತಿ-ಭೇದಿ ತಂದ ವೈರಸ್ಸೇ ಕಾರಣವೇ?

ಪ್ರಶ್ನೆ (ಸೋಮವಾರಪೇಟೆ ಸಮೀಪದ ಕಾಫಿ ಬೆಳೆಗಾರರಿಂದ): ಡಾಕ್ಟರೇ, ನಮಸ್ಕಾರ. ಕಳೆದ ಕಕ್ಕಡದ ಮಳೆಯಲ್ಲಿ ನಮ್ಮ ಮನೆಯವರಿಗೂ ಲೈನ್‌ಮನೆಯ ತೋಟದ ಕೆಲಸಗಾರರಿಗೂ ವಾಂತಿ-ಭೇದಿಯಾಗಿ ಮೂರು ದಿನದಲ್ಲಿ ವಾಸಿಯಾಯಿತು. ತಮ್ಮನಿಗೆ ಮಾತ್ರ ಭೇದಿ ನಿಲ್ಲಲಿಲ್ಲ. ಕಾಫಿ ಕುಯ್ಲಿನ ಹೊತ್ತಿಗೆ ಮಲದಲ್ಲಿ ರಕ್ತ ಕಾಣಿಸಿತು, ಕೊಲೊನೋಸ್ಕೋಪಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ದೀರ್ಘಕಾಲದ ಉರಿಯೂತ) ಎಂದು ತಿಳಿಯಿತು. ಒಂದೇ ಬಾವಿಯ ನೀರು ಕುಡಿದವರಲ್ಲಿ ಅವನೊಬ್ಬನಿಗೇ ಏಕೆ ಹೀಗಾಯಿತು? ವೈರಸ್ಸಿಗೆ ಮಾತ್ರೆ ಕೊಟ್ಟರೆ ಗುಣವಾಗುವುದೇ?

ಉತ್ತರ: ನಮಸ್ಕಾರ. ಅವರೊಬ್ಬರಿಗೇ ಏಕೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಕರುಳಿನ ಇನ್ನೊಂದು ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯೊಡನೆ ನಂಟುಳ್ಳ ಎಟಿಜಿ16ಎಲ್1 ಎಂಬ ಜೀನ್ ದುರ್ಬಲವಾಗಿದ್ದ ಇಲಿಗಳಿಗೆ ಮನುಷ್ಯರಲ್ಲಿ ವಾಂತಿ-ಭೇದಿ ತರುವ ನೊರೊವೈರಸ್ ಗುಂಪಿನ ಒಂದು ತಳಿಯನ್ನು ತಗುಲಿಸಿ, ಕರುಳನ್ನು ಕೆರಳಿಸುವ ರಾಸಾಯನಿಕ ಕೊಟ್ಟಾಗ ಕ್ರೋನ್ಸ್‌ ಹೋಲುವ ಹಾನಿ ಕಂಡುಬಂದುದು 2010ರಲ್ಲಿ ಪ್ರಕಟವಾಯಿತು. ಜೀನ್ ಸರಿಯಿದ್ದ ಇಲಿಗೆ ಅದೇ ವೈರಸ್ ತಗುಲಿದರೂ ಹಾಗಾಗಲಿಲ್ಲ. ದುರ್ಬಲ ಜೀನಿನ ಇಲಿಗೆ ವೈರಸ್ ತಗುಲದಿದ್ದಾಗಲೂ ಆಗಲಿಲ್ಲ. ಬ್ಯಾಕ್ಟೀರಿಯಾಗಳನ್ನು ಆ್ಯಂಟಿಬಯಾಟಿಕ್‌ನಿಂದ ತಗ್ಗಿಸಿದಾಗಲೂ ಹಾನಿ ತಪ್ಪಿತು. ಇಷ್ಟೆಲ್ಲ ಕೂಡಿಬಂದಾಗ ಮಾತ್ರ ವೈರಸ್ ಕಿಡಿಯಾಗುತ್ತದೆ. ಇಲಿಯಲ್ಲಿ ಕಂಡದ್ದನ್ನು ನಿಮ್ಮ ತಮ್ಮನಿಗೆ ನೇರವಾಗಿ ಅನ್ವಯಿಸಲಾಗದು. ಆ ವಾಂತಿ-ಭೇದಿ ಒಳಗೇ ಹೊಗೆಯಾಡುತ್ತಿದ್ದ ಕಾಯಿಲೆಯನ್ನು ಹೊರಗೆಡಹಿರುವ ಸಾಧ್ಯತೆಯೂ ಇದೆ.

ಕರುಳಿನಲ್ಲಿರುವ ವೈರಸ್‌ಗಳಲ್ಲಿ ಹೆಚ್ಚಿನವು ನಮ್ಮ ಜೀವಕೋಶಗಳನ್ನಲ್ಲ, ಬ್ಯಾಕ್ಟೀರಿಯಾಗಳನ್ನು ಹಿಡಿಯುವ ಫೇಜ್‌ಗಳು. ಇಂಥ ರೋಗಿಗಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿ ಫೇಜ್‌ಗಳ ವೈವಿಧ್ಯ ಹೆಚ್ಚಿರುವುದು 2015ರಲ್ಲಿ ವರದಿಯಾಯಿತು, ಆದರೆ ಅದು ಕಾಯಿಲೆಯ ಕಾರಣವೋ ಪರಿಣಾಮವೋ ಇನ್ನೂ ಇತ್ಯರ್ಥವಾಗಿಲ್ಲ. ವೈರಸ್‌ನಾಶಕಗಳನ್ನು ಕೊಟ್ಟ ಇಲಿಗಳಲ್ಲಿ ಕೊಲೈಟಿಸ್ ಉಲ್ಬಣಿಸಿದ್ದೂ ಉಂಟು. ಕೆಲವು ವೈರಸ್‌ಗಳ ಇರವೇ ಕರುಳನ್ನು ಕಾಯುತ್ತದೆ. ಆದ್ದರಿಂದ ಅಂಥ ಮಾತ್ರೆಯನ್ನು ನೀವಾಗಿ ತರಿಸಿ ಕೊಡಬೇಡಿ.

ಒಂದು ವೈರಸ್ಸನ್ನು ಮಾತ್ರ ನಾವು ಹುಡುಕಿ ನೋಡುತ್ತೇವೆ: ಸೈಟೊಮೆಗಾಲೊವೈರಸ್. ಬಾಲ್ಯದಲ್ಲೇ ದೇಹ ಸೇರಿ ಸುಪ್ತವಾಗಿರುವ ಇದು, ರೋಗನಿರೋಧಕ ಶಕ್ತಿ ತಗ್ಗಿದಾಗ ಉರಿಯೂತವಿರುವ ಕರುಳಿನಲ್ಲಿ ಮತ್ತೆ ಎಚ್ಚರಗೊಳ್ಳಬಹುದು. ಸ್ಟೆರಾಯ್ಡ್‌ಗೆ ಕಾಯಿಲೆ ಬಗ್ಗದಿದ್ದರೆ, ಹುಣ್ಣಿನಿಂದ ತೆಗೆದ ಅಂಗಾಂಶದ ಚೂರಿನಲ್ಲಿ ವೈರಸ್ ಇದೆಯೇ ಎಂದು ಪರೀಕ್ಷಿಸಿ, ಅಗತ್ಯವೆನಿಸಿದರೆ ಗ್ಯಾನ್ಸಿಕ್ಲೊವಿರ್ ಎಂಬ ವೈರಸ್‌ನಾಶಕ ಕೊಡುತ್ತೇವೆ. ರಕ್ತದ ವರದಿಯಲ್ಲಿ 'ಐಜಿಜಿ ಪಾಸಿಟಿವ್' (ಈ ವೈರಸ್ಸಿನ ವಿರುದ್ಧ ಪ್ರತಿಕಾಯವಿದೆ) ಎಂದು ಕಂಡು ಗಾಬರಿಯಾಗಿ ಬರುವವರಿದ್ದಾರೆ; ಅದು ಹಿಂದೆಂದೋ ಸೋಂಕು ತಗುಲಿತ್ತು ಎಂಬುದನ್ನಷ್ಟೇ ಹೇಳುತ್ತದೆ.

ಮರುಪ್ರಶ್ನೆ (ವಿರಾಜಪೇಟೆಯ ಮಹಿಳೆಯೊಬ್ಬರಿಂದ): ಡಾಕ್ಟರೇ, ನನ್ನ ಯಜಮಾನರಿಗೂ ಇದೇ ಕಾಯಿಲೆ. ಅತ್ತೆಯವರು ಅವರ ತಟ್ಟೆ-ಲೋಟವನ್ನು ಬೇರೆಯಿಡುತ್ತಾರೆ. ಇದು ಅಂಟುವುದೇ?

ಉತ್ತರ: ಇಲ್ಲಮ್ಮ, ಈ ಕೊಲೈಟಿಸ್ ಅಂಟುವುದಿಲ್ಲ; ಒಂದೇ ತಟ್ಟೆಯಲ್ಲಿ ಉಂಡರೂ ಬಾರದು. ಅವರಿಂದ ನಿಮಗೆ ಬರುವುದಕ್ಕಿಂತ, ಊರಲ್ಲಿ ಹರಡುವ ವಾಂತಿ-ಭೇದಿ ಅವರಿಗೆ ತಗುಲದಂತೆ ಕಾಯುವುದು ಮುಖ್ಯ. ನೀರನ್ನು ಕುದಿಸಿ ಕೊಡಿ. ನೊರೊವೈರಸ್ಸಿಗೆ ಸ್ಯಾನಿಟೈಸರ್ ಸಾಕಾಗದು, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು. ಭೇದಿ ಮರುಕಳಿಸಿದರೆ ಸ್ಟೆರಾಯ್ಡನ್ನು ನೀವಾಗಿ ಹೆಚ್ಚಿಸದೆ, ಮೊದಲು ಮಲಪರೀಕ್ಷೆ ಮಾಡಿಸಿ.