ಸಹಾಯ ಬೇಕು: ವೇವರ್‌ನಲ್ಲಿ ಎಷ್ಟು ಬಿಡ್ ಹಾಕಲಿ?

ಅಮೆರಿಕದಲ್ಲಿ ಫ್ಯಾಂಟಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಆಟ) ಆಡುವ ಕನ್ನಡಿಗರೇ, ಒಂದು ಸಲಹೆ ಕೊಡಿ. ನಮ್ಮದು ಆಫೀಸಿನ 12 ತಂಡಗಳ ಲೀಗ್. ವೇವರ್‌ಗೆ, ಅಂದರೆ ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ಕೊಳ್ಳಲು, ಇಡೀ ಸೀಸನ್‌ಗೆ 100 ಡಾಲರ್ (ಆಟದ ದುಡ್ಡು ಅಷ್ಟೇ). ಎಲ್ಲರೂ ಗುಟ್ಟಾಗಿ ಬಿಡ್ ಹಾಕಬೇಕು, ಬುಧವಾರ ಬೆಳಗಿನ ಜಾವ ಯಾರಿಗೆ ಯಾರು ಅಂತ ಗೊತ್ತಾಗುತ್ತದೆ. ಇಲ್ಲಿವರೆಗೆ ಒಂದೆರಡು ಡಾಲರ್ ಹಾಕಿ ನೋಡಿದೆ, ಒಳ್ಳೆಯವರೆಲ್ಲ ಬೇರೆಯವರ ಪಾಲಾದರು. ಹಾಗಾಗಿ ಇನ್ನೂ 90 ಡಾಲರ್ ಉಳಿದಿದೆ.

ಈಗ ನನ್ನ ಮುಖ್ಯ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಇಂಜುರ್ಡ್ ರಿಸರ್ವ್ (ಗಾಯಾಳುಗಳ ಪಟ್ಟಿ) ಸೇರಿದ್ದಾನೆ, ಅಂದರೆ ಕನಿಷ್ಠ 4 ಪಂದ್ಯ ಇಲ್ಲ. ಅವನ ಬದಲಿ ಆಟಗಾರ ವೇವರ್‌ನಲ್ಲಿದ್ದಾನೆ. ಆದರೆ ಕೋಚ್ ಇಬ್ಬರಿಗೆ ಚೆಂಡು ಹಂಚುವ ಹಾಗೆ ಕಾಣುತ್ತದೆ, ಅದೇ ತಲೆನೋವು. ಮುಂದೆ ಬೈ ವಾರಗಳೂ (ಆಟಗಾರನ ತಂಡಕ್ಕೆ ಪಂದ್ಯವಿಲ್ಲದ ವಾರಗಳು) ಬರುತ್ತವೆ ಅಲ್ವಾ?

ಇಂಥವನಿಗೆ 40-50 ಡಾಲರ್ ಸುರಿಯಬಹುದಾ, ಇಲ್ಲ 15-20ಕ್ಕೆ ನಿಲ್ಲಿಸಿ ಉಳಿದದ್ದನ್ನು ಕಾಪಾಡಿಕೊಳ್ಳಲಾ? ನೀವಾದರೆ ಎಷ್ಟು ಹಾಕುತ್ತೀರಿ?