ಲಾಸ್ ಪಾಲ್ಮಸ್‌ನಿಂದ ಬಾರ್ಬಡೋಸ್‌ಗೆ 40 ಅಡಿಯ ಯಾಟ್: ಖರ್ಚು ಮೊದಲು ಯಾವುದಕ್ಕೆ?

ಅಲೆಮನೆ:
ಸ್ಪೇನಿನ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಸ್‌ನಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿನ ಬಾರ್ಬಡೋಸ್‌ಗೆ, ಡಿಸೆಂಬರ್ ಮೊದಲ ವಾರ ಹೊರಡುವ ಯೋಜನೆ. ಸುಮಾರು 2,700 ನಾಟಿಕಲ್ ಮೈಲಿ. ದಿನಕ್ಕೆ 130 ಹಿಡಿದರೆ 21 ದಿನ. ಫೈಬರ್ ಸ್ಲೂಪ್ (ಒಂದೇ ಹಾಯಿಕಂಬದ ಯಾಟ್), ನಾಲ್ಕು ಜನ. ಮಾಸ್ಟ್, ಅಂದರೆ ಹಾಯಿಕಂಬ, ಹಿಡಿದಿರುವ ತಂತಿಗಳಿಗೆ 11 ವರ್ಷ. ನೀರಿನ ಟ್ಯಾಂಕ್ ಒಂದೇ, 300 ಲೀಟರಿನದು. ಸಮುದ್ರದ ನೀರನ್ನು ಸಿಹಿನೀರು ಮಾಡುವ ವಾಟರ್‌ಮೇಕರ್ ಇಲ್ಲ. 12 ವೋಲ್ಟಿನ 400 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ, ಹಿಂಬದಿ ಕಮಾನಿನ ಮೇಲೆ 400 ವ್ಯಾಟ್ ಸೋಲಾರ್, ತಾನಾಗಿ ಚುಕ್ಕಾಣಿ ಹಿಡಿಯುವ ಎಲೆಕ್ಟ್ರಿಕ್ ಆಟೋಪೈಲಟ್. ಲೈಫ್‌ರಾಫ್ಟ್ ಸರ್ವಿಸ್ ಆಗಿದೆ. ಇಬ್ಬರು ಬೆಂಗಳೂರಿನಿಂದ ಭಾರತದ ಪಾಸ್‌ಪೋರ್ಟಿನಲ್ಲಿ ಬರುತ್ತಾರೆ. ಏನು ಬಿಟ್ಟುಹೋಗಿದೆ ಹೇಳಿ.

ಗಾಳಿಬದಿ:
ತಂತಿ ಬದಲಿಸಿ, ಅದರಲ್ಲಿ ಚೌಕಾಸಿ ಬೇಡ. 10 ವರ್ಷ ದಾಟಿದ ತಂತಿಗೆ ಹಲವು ವಿಮಾ ಕಂಪನಿಗಳೂ ತಕರಾರು ತೆಗೆಯುತ್ತವೆ. ತಂತಿ ಸಾಯುವುದು ಅದರ ತುದಿ ಹಿಡಿದಿರುವ ಕೆಳಗಿನ ಟರ್ಮಿನಲ್ ಬಾಯಲ್ಲಿ: ಉಪ್ಪುನೀರು ಅಲ್ಲೇ ಇಳಿದು ನಿಲ್ಲುತ್ತದೆ. ಹತ್ತಿಯಿಂದ ಸವರಿ ನೋಡಿ. ಹತ್ತಿ ಸಿಕ್ಕಿಕೊಂಡರೆ ತಂತಿಯ ಎಳೆ ತುಂಡಾಗಿದೆ ಎಂದರ್ಥ. ತಂತಿಯ 19 ಎಳೆಗಳಲ್ಲಿ ಒಂದು ಹೋದರೂ ಆ ತಂತಿಯನ್ನು ನಂಬಬಾರದು.

ಈ ದಾರಿಯಲ್ಲಿ ಬಿರುಗಾಳಿಗಿಂತ ಹೆಚ್ಚು ಕೆಡಿಸುವುದು ಉಜ್ಜಾಟ. ಮೂರು ವಾರ ಗಾಳಿ ಹಿಂದಿನಿಂದಲೇ, ಯಾಟ್ ಹಗಲೂ ರಾತ್ರಿ ಹೊರಳಾಡುತ್ತದೆ, ಹಗ್ಗ ಒಂದೇ ಜಾಗದಲ್ಲಿ ಸಾವಿರಾರು ಸಲ ಸವೆಯುತ್ತದೆ. ಹಾಯಿ ಏರಿಸುವ ಹಗ್ಗ ಹ್ಯಾಲಿಯರ್ಡನ್ನು ದಿನಾ ಕತ್ತಲಾಗುವ ಮೊದಲು 10 ಸೆಂಟಿಮೀಟರ್ ಸರಿಸಿ, ಸವೆಯುವ ಜಾಗ ಬದಲಾಗಲಿ. ಮುಂದಿನ ಹಾಯಿ ಜೆನೋವಾವನ್ನು ಹೊರಚಾಚಿ ಹಿಡಿಯುವ ಕೋಲು, ಪೋಲಿನ ಬಾಯಿ ಆ ಹಾಯಿಯನ್ನು ಎಳೆದು ಹಿಡಿಯುವ ಹಗ್ಗವನ್ನು, ಅಂದರೆ ಶೀಟನ್ನು, ಗರಗಸದಂತೆ ಕೊಯ್ಯುತ್ತದೆ. ಪೋಲಿನ ತುದಿಗೆ ನುಣುಪು ಅಲ್ಯೂಮಿನಿಯಂ ರಿಂಗ್ ಕಟ್ಟಿ ಶೀಟನ್ನು ಅದರೊಳಗೆ ಹಾಯಿಸಿ. ಮೇನ್‌ಸೇಲ್ (ಮುಖ್ಯ ಹಾಯಿ) ಮಾಸ್ಟಿನ ಅಡ್ಡಕೋಲು ಸ್ಪ್ರೆಡರಿಗೆ ತಾಗುವಲ್ಲಿ ಈಗಲೇ ಪ್ಯಾಚ್ ಹೊಲಿಸಿ.

ಮೇನ್‌ಸೇಲಿನ ತಳದ ಕೋಲು ಬೂಮ್, ಅದು ಥಟ್ಟನೆ ಇನ್ನೊಂದು ಬದಿಗೆ ಬೀಸದಂತೆ ತಡೆಯುವ ಪ್ರಿವೆಂಟರ್ ಹಗ್ಗ ಬೂಮಿನ ತುದಿಯಿಂದ ಹೊರಟು, ಯಾಟ್‌ನ ಮೂತಿಯ ಬ್ಲಾಕ್ (ರಾಟೆ) ಸುತ್ತಿ, ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ಟಿಗೆ ಮರಳಬೇಕು. ಬೂಮಿನ ನಡುವಿಗೆ ಕಟ್ಟಿದರೆ ಹಾಯಿ ಎದುರುಗಾಳಿ ತುಂಬಿಕೊಂಡಾಗ ಬೂಮೇ ಮುರಿಯುತ್ತದೆ.

ಮೂಡಣದೀಪ:
ಕರೆಂಟಿನ ಲೆಕ್ಕ ನಿಮಗೆ ಕೂಡುವುದಿಲ್ಲ. ಅಂಥ ಅಲೆಗಳಲ್ಲಿ ಆಟೋಪೈಲಟ್ ಸರಾಸರಿ 5 ಆಂಪಿಯರ್ ಎಳೆದರೂ ದಿನಕ್ಕೆ 120 ಆಂಪಿಯರ್-ಅವರ್. ಫ್ರಿಜ್‌ಗೆ 50, ದೀಪ, ರೇಡಿಯೋ, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್, ನಕ್ಷೆಯ ಪರದೆ ಪ್ಲಾಟರ್ ಸೇರಿ 40. ಒಟ್ಟು 210. ನೀವು ಹೋಗುವುದು ಪಶ್ಚಿಮಕ್ಕೆ, ಹಾಗಾಗಿ ಮಧ್ಯಾಹ್ನದ ಮೇಲೆ ಸೂರ್ಯ ಮುಂದೆ, ಹಾಯಿಗಳ ನೆರಳು ಹಿಂಬದಿಯ ಪ್ಯಾನಲ್ ಮೇಲೆ. 100ಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಉಳಿದ 110ಕ್ಕೆ ಇಂಜಿನ್ನಿನಿಂದ ಕರೆಂಟ್ ಮಾಡುವ ಆಲ್ಟರ್ನೇಟರ್ 60 ಆಂಪಿಯರ್ ಕೊಟ್ಟರೆ ದಿನಾ ಎರಡು ಗಂಟೆ ಇಂಜಿನ್, ಸುಮಾರು 4 ಲೀಟರ್ ಡೀಸೆಲ್. 21 ದಿನಕ್ಕೆ 84. ಲೆಡ್ ಬ್ಯಾಟರಿ 80 ಶೇಕಡಾ ತುಂಬಿದ ಮೇಲೆ ಕರೆಂಟನ್ನು ನಿಧಾನವಾಗಿ ಕುಡಿಯುತ್ತದೆ, ಅಲ್ಲಿಂದಾಚೆ ಓಡಿಸಿದ ಡೀಸೆಲ್ ಬಹುಪಾಲು ವ್ಯರ್ಥ.

ನನ್ನ ಮಟ್ಟಿಗೆ ಹಣ ಹಾಕಬೇಕಾದದ್ದು ಗಾಳಿಯ ಬಲದಿಂದಲೇ ದಿಕ್ಕು ಹಿಡಿಯುವ ವಿಂಡ್‌ವೇನ್ ಸ್ಟಿಯರಿಂಗಿಗೆ. ಅದಕ್ಕೆ ಕರೆಂಟೇ ಬೇಡ. ಚಕ್ರ ಕೆಟ್ಟಾಗ ಚುಕ್ಕಾಣಿ ತಿರುಗಿಸುವ ಕೋಲು, ತುರ್ತು ಟಿಲ್ಲರನ್ನು ಬಂದರಿನಲ್ಲಲ್ಲ, ಅಲೆಯಲ್ಲಿ ಹಾಯಿ ಏರಿಸಿ ಹಾಕಿ ನೋಡಿ. ಎಷ್ಟೋ ಯಾಟ್‌ಗಳಲ್ಲಿ ಅದು ಚಕ್ರದ ಕಂಬಕ್ಕೆ ತಾಗಿ ತಿರುಗುವುದೇ ಇಲ್ಲ. ಡೀಸೆಲ್ ಫಿಲ್ಟರ್ ಕನಿಷ್ಠ ಆರು ಇರಲಿ: ಟ್ಯಾಂಕಿನ ತಳದ ಕೆಸರು ಏಳುವುದು ಹೊರಳಾಟ ಶುರುವಾದ ಮೇಲೆಯೇ.

ತೀರವಾಸಿ:
ಒಂದೇ ಟ್ಯಾಂಕ್ ಅಂದರೆ ಅಪಾಯ. ಡೆಕ್ಕಿನ ಮುಚ್ಚಳದಿಂದ ಉಪ್ಪುನೀರು ಇಳಿದರೆ ಎಲ್ಲವೂ ಹಾಳು. ತಲೆಗೆ ದಿನಕ್ಕೆ 3 ಲೀಟರಿನಂತೆ 252, ಅದರ ಮೇಲೆ ಅರ್ಧ ಮೀಸಲು, 378. ಕನಿಷ್ಠ 130 ಲೀಟರ್ ನೀರು 5 ಲೀಟರಿನ ಬಾಟಲಿಗಳಲ್ಲಿ, ಯಾಟ್‌ನ ನಡುಭಾಗದಲ್ಲಿ ತಗ್ಗಿಗೆ ಇಡಿ. ಪಾತ್ರೆ ಸಮುದ್ರದ ನೀರಿನಲ್ಲಿ ತೊಳೆಯಿರಿ.

ಅಡುಗೆಗೆ ಪ್ರೆಶರ್ ಕುಕ್ಕರ್ ಇರಲಿ, ಮುಚ್ಚಳ ಬಿಗಿಯಾಗಿರುವುದರಿಂದ ಹೊರಳಿದರೂ ಕುದಿಯುವ ನೀರು ಮೈಮೇಲೆ ಚೆಲ್ಲದು. ಮೊದಲ ಮೂರು ದಿನ ಯಾರಿಗೂ ಒಲೆ ಮುಂದೆ ನಿಲ್ಲುವ ಮನಸ್ಸಿರುವುದಿಲ್ಲ: ಅವಲಕ್ಕಿ, ಚಟ್ನಿಪುಡಿ, ಬಾಳೆಹಣ್ಣು ಕೈಗೆ ಸಿಗುವಂತಿರಲಿ. ವಾಂತಿಯ ಮಾತ್ರೆ ಹೊರಡುವ ಹಿಂದಿನ ರಾತ್ರಿಯೇ ಶುರು, ಓಆರ್‌ಎಸ್ ಪೊಟ್ಟಣ ಧಾರಾಳವಾಗಿ. ರಟ್ಟಿನ ಪೆಟ್ಟಿಗೆ ಒಂದೂ ಒಳಗೆ ಬರಬಾರದು, ಜಿರಳೆ ಮೊಟ್ಟೆ ಬರುವುದು ಅದರಲ್ಲೇ.

ಬೆಂಗಳೂರಿನವರಿಗೆ: ಕ್ಯಾನರಿಗೆ ಷೆಂಗೆನ್ ವೀಸಾ ಬೇಕು. ಬಾರ್ಬಡೋಸ್‌ನಿಂದ ಮುಂದೆ ಕೆರಿಬಿಯನ್ ದ್ವೀಪ ಮಾರ್ಟಿನೀಕ್‌ಗೆ ಹೋಗುವುದಾದರೆ ಅದೇ ವೀಸಾ ಅಲ್ಲಿ ತಾನಾಗಿ ನಡೆಯದು, ಅದು ಫ್ರಾನ್ಸಿನದೇ ಆದರೂ ಷೆಂಗೆನ್ ಹೊರಗೆ. ಮರಳುವ ಟಿಕೆಟ್ ಇಲ್ಲದೆ ಏರ್‌ಲೈನ್ ಹತ್ತಿಸಿಕೊಳ್ಳದಿರಬಹುದು. ಯಾಟ್‌ನ ನೋಂದಣಿ ಪ್ರತಿ, ಸಿಬ್ಬಂದಿ ಪಟ್ಟಿ, ಸ್ಕಿಪ್ಪರ್ ಸಹಿಯ ಪತ್ರ ಕೈಯಲ್ಲಿರಲಿ. ಸ್ಯಾಟಲೈಟ್ ಫೋನನ್ನು ಭಾರತದಿಂದ ತರಿಸಬೇಡಿ, ಪರವಾನಗಿ ಇಲ್ಲದೆ ಅಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಅಲೆಮನೆ:
ತಂತಿ ಬದಲಿಸುವ ಕೆಲಸಗಾರ, ರಿಗ್ಗರನ್ನು ನಾಳೆಯೇ ಕರೆಸುತ್ತೇನೆ. ರಾತ್ರಿ ಪಾಳಿ ಎಷ್ಟೆಷ್ಟು ಗಂಟೆ ಇಡಲಿ?

ಗಾಳಿಬದಿ:
ಒಬ್ಬೊಬ್ಬರಿಗೆ ಮೂರು ಗಂಟೆ, ಆಮೇಲೆ ಒಂಬತ್ತು ಬಿಡುವು. ಕತ್ತಲಿಗೆ ಮೊದಲೇ ಒಂದು ರೀಫ್ ಹಾಕಿಬಿಡಿ, ಅಂದರೆ ಹಾಯಿಯನ್ನು ಒಂದಿಷ್ಟು ಮಡಚಿ ಕಿರಿದು ಮಾಡಿ, ರಾತ್ರಿಯ ಸ್ಕ್ವಾಲ್ (ಹಠಾತ್ ಬೀಸುವ ಗಾಳಿಮಳೆ) ಕಣ್ಣಿಗೆ ಕಾಣದು. ಮೆಟ್ಟಿಲಲ್ಲಿ ನಿಂತಿರುವಾಗಲೇ ಸುರಕ್ಷತಾ ಪಟ್ಟಿ ಹಾರ್ನೆಸ್‌ನ ಕೊಕ್ಕೆ ಸಿಕ್ಕಿಸಿಕೊಂಡು ಕಾಕ್‌ಪಿಟ್ಟಿಗೆ ಬರಬೇಕು, ಒಬ್ಬರೇ ಇದ್ದಾಗ ಮುಂದಿನ ಡೆಕ್ಕಿಗೆ ಹೋಗುವಂತಿಲ್ಲ.