ಸಹಾಯ ಬೇಕು: ಮಂಡಿನೋವಿರುವ ಅಮ್ಮನ ಜೊತೆ ಚೀನಾ ಪ್ರವಾಸ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬೀಜಿಂಗ್, ಶಿಯಾನ್, ಗುಯಿಲಿನ್ ನೋಡಲು ಹೊರಟಿದ್ದೇವೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಹತ್ತಲು ಆಗುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಮಹಾಗೋಡೆ ನೋಡಲು ಬೀಜಿಂಗ್ ಹತ್ತಿರದ ಮುಟಿಯನ್‌ಯು ಭಾಗ ಆರಿಸಿಕೊಂಡಿದ್ದೇವೆ, ಅಲ್ಲಿ ಕೇಬಲ್ ಕಾರ್ ಇದೆಯಲ್ವಾ. ಇಳಿದ ಮೇಲೆ ಎಷ್ಟು ನಡೆಯಬೇಕು? ನಡುವೆ ಕೂರಲು ಜಾಗ ಸಿಗುತ್ತಾ? ಶಿಯಾನ್ ಬಗ್ಗೆ ಚಿಂತೆ ಇಲ್ಲ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಆ ಮಣ್ಣಿನ ಸೈನಿಕರನ್ನು ಕಣ್ಣಾರೆ ನೋಡಬೇಕೆಂಬುದು ಅಪ್ಪನ ಬಹಳ ದಿನದ ಆಸೆ.

ಮುಖ್ಯವಾಗಿ ಕೇಳಬೇಕಿರುವುದು ಗುಯಿಲಿನ್ ಹತ್ತಿರದ ಲಾಂಗ್‌ಜಿ ಬಗ್ಗೆ. ಬೆಟ್ಟದ ಬುಡದಿಂದ ನೆತ್ತಿಯವರೆಗೂ ಭತ್ತದ ಗದ್ದೆ, ಒಂದರ ಮೇಲೊಂದು ಬದು. ನಾವು ಹೋಗುವ ಹೊತ್ತಿಗೆ ತೆನೆ ಹಳದಿಗೆ ತಿರುಗಿರುತ್ತದೆ. ಅಮ್ಮ ನಾಟಿ, ಕೊಯ್ಲು ಮಾಡುತ್ತಲೇ ಬೆಳೆದವರು. ಅವರಿಗೆ ಇದನ್ನು ತೋರಿಸಲೇಬೇಕು. ಪಿಂಗ್‌ಆನ್ ಹಳ್ಳಿಯೊಳಗೆ ಬರೀ ಕಲ್ಲುಮೆಟ್ಟಿಲು, ದಾಝಾಯ್ ಕಡೆ ಕೇಬಲ್ ಕಾರ್ ಇದೆ. ಹಾಗಾಗಿ ದಾಝಾಯ್ ಅಂದುಕೊಂಡಿದ್ದೇವೆ. ಅಲ್ಲೇ ರಾತ್ರಿ ಉಳಿಯುವುದಾದರೆ ಮೆಟ್ಟಿಲು ಕಡಿಮೆ ಇರುವ ವಸತಿ ಸಿಗುತ್ತಾ? ಅಕ್ಟೋಬರ್ 1ರಿಂದ ಅವರ ರಾಷ್ಟ್ರೀಯ ದಿನದ ರಜೆ, ಎಲ್ಲ ಕಡೆ ವಿಪರೀತ ಜನ. ಅದಕ್ಕೂ ಮೊದಲೇ ಮುಗಿಸಬೇಕು.

ಗುಯಿಲಿನ್‌ನ ಲಿ ನದಿಯಲ್ಲಿ ಯಾಂಗ್‌ಶುವೋ ಊರಿನವರೆಗೆ ದೊಡ್ಡ ದೋಣಿಯಲ್ಲಿ ಹೋಗುವುದೋ, ಶಿಂಗ್‌ಪಿಂಗ್‌ನಲ್ಲಿ ಸಣ್ಣ ತೆಪ್ಪ ಹತ್ತುವುದೋ? 20 ಯುವಾನ್ ನೋಟಿನ ಹಿಂದಿರುವ ಬೆಟ್ಟಸಾಲು ಶಿಂಗ್‌ಪಿಂಗ್‌ನದೇ. ವಯಸ್ಸಾದವರಿಗೆ ತೆಪ್ಪ ಹತ್ತಿ ಇಳಿಯುವುದು ಕಷ್ಟವಾ?

ಇನ್ನೊಂದು, ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. "ಮಾಂಸ, ಮೀನು, ಮೊಟ್ಟೆ ಬೇಡ" ಎಂದು ಚೀನೀ ಅಕ್ಷರದಲ್ಲಿ ಬರೆದ ಚೀಟಿ ಯಾರ ಹತ್ತಿರವಾದರೂ ಇದ್ದರೆ ಫೋಟೋ ಹಾಕಿ, ಪ್ಲೀಸ್.